ಗಾಳಿಮರಗಳ ಹಿಂದಿನ ಹೊಂಡ

ಕಾಪುವಿನ ಉಮೈರಾಳಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಅವಳ ಜೊತೆ ದುಡಿದ ಅಡುಗೆಯವರಿಗೂ ಶಾಮಿಯಾನದವರಿಗೂ ಇದು ಗೊತ್ತು. ‘ಆಯಿತು, ನಿಮ್ಮಿಷ್ಟ’ ಎಂದು ಅವಳು ಮೆಲ್ಲಗೆ ಅಂದಳೆಂದರೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಎಲ್ಲಿ ತಪ್ಪಾಯಿತೆಂದು ಹುಡುಕತೊಡಗುತ್ತಾರೆ. ಹೋದ ಡಿಸೆಂಬರಿನಲ್ಲಿ ಕಾಪು ಕಡಲ ದಂಡೆಯಲ್ಲಿ ಅವಳು ಅಷ್ಟೂ ಹೇಳಲಿಲ್ಲ. ಎರಡು ಪ್ರಶ್ನೆ ಕೇಳಿ, ಮತ್ತೆ ಮಾತಾಡದೆ ಹೊಂಡಕ್ಕೆ ಇಳಿದಳು.

ಸಮಾರಂಭ ನಡೆಸಿಕೊಡುವುದು ಅವಳ ಕಸುಬು. ಮದುವೆ, ನಿಖಾಹ್, ಗೃಹಪ್ರವೇಶ, ಹಳೆ ವಿದ್ಯಾರ್ಥಿಗಳ ಸಮ್ಮಿಲನ, ಏನೇ ಇರಲಿ, ಮುಗಿದ ಮೇಲೆ ಹಿಂದೆ ಕಸದ ರಾಶಿ ಉಳಿಯದಂತೆ ಮಾಡಿಕೊಡುತ್ತಾಳೆ. ಜನ ಅದನ್ನು ಪರಿಸರಸ್ನೇಹಿ, ಹಸಿರು ಎಂದೆಲ್ಲ ಕರೆಯುತ್ತಾರೆ. ಅವಳಿಗೆ ಆ ಹೆಸರುಗಳ ಮೇಲೆ ಪ್ರೀತಿಯಿಲ್ಲ. ‘ಉಂಡವರು ಬಾಳೆ ತೆಗೆದ ಹಾಗೆ, ಅಷ್ಟೇ’ ಅನ್ನುತ್ತಾಳೆ.

ಈ ಕಸುಬು ಒಂದು ರೀತಿಯಲ್ಲಿ ಅವಳಿಗೆ ಅಪ್ಪನಿಂದಲೇ ಬಂದದ್ದು. ಅಪ್ಪ ಶೇಕಬ್ಬರು ಒಂದು ಕಾಲದಲ್ಲಿ ಮದುವೆಗಳಿಗೆ ಪಾತ್ರೆ ಬಾಡಿಗೆಗೆ ಕೊಡುತ್ತಿದ್ದರು. ಉಚ್ಚಿಲದಿಂದ ಕಟಪಾಡಿಯವರೆಗೆ ಬ್ಯಾರಿಗಳ ಮನೆಯ ಮದುವೆಯಿರಲಿ, ಮೊಗವೀರರ ಮನೆಯ ಮದುವೆಯಿರಲಿ, ಸ್ಟೀಲಿನ ಬಟ್ಟಲು, ಲೋಟ, ಅನ್ನದ ಕೊಪ್ಪರಿಗೆ ಹೋಗುತ್ತಿದ್ದದ್ದು ಅವರ ಅಂಗಳದಿಂದಲೇ. ಮದುವೆ ಮುಗಿದು ಪಾತ್ರೆಗಳು ವಾಪಸು ಬಂದಾಗ ಹಿತ್ತಿಲ ಬಾವಿಕಟ್ಟೆಯಲ್ಲಿ ಉಮ್ಮನೂ ಮಗಳೂ ಕುಳಿತು ಬೂದಿ ಹಾಕಿ ತಿಕ್ಕುತ್ತಿದ್ದರು. ಆಮೇಲೆ ಕಾಗದದ ತಟ್ಟೆ ಬಂತು, ಪ್ಲಾಸ್ಟಿಕ್ಕಿನ ಲೋಟ ಬಂತು. ‘ತೊಳೆಯುವ ರಗಳೆ ಯಾರಿಗೆ ಬೇಕು ಕಾಕ’ ಎಂದು ಜನ ಒಬ್ಬೊಬ್ಬರಾಗಿ ಜಾರಿಕೊಂಡರು. ಶೇಕಬ್ಬರು ಸ್ವಲ್ಪ ಕಾಲ ಕಾದರು. ಕೊನೆಗೆ ಬಟ್ಟಲುಗಳನ್ನು ಅಟ್ಟಕ್ಕೆ ಏರಿಸಿ, ಕಾಪು ಪೇಟೆಯಲ್ಲಿ ಅದೇ ಕಾಗದದ ತಟ್ಟೆ, ಪ್ಲಾಸ್ಟಿಕ್ ಲೋಟಗಳ ಅಂಗಡಿ ಹಾಕಿದರು. ತಮ್ಮನ್ನು ಮುಳುಗಿಸಿದ ಸರಕನ್ನೇ ಮಾರಿ ಮೇಲೆ ಬಂದರು. ಮಗಳನ್ನು ಉಡುಪಿಯ ಕಾಲೇಜಿಗೆ ಕಳಿಸಿದ್ದೂ ಮದುವೆ ಮಾಡಿಕೊಟ್ಟದ್ದೂ ಆ ಅಂಗಡಿಯ ಬಲದಿಂದಲೇ.

ಓದು ಮುಗಿಸಿದ ಉಮೈರಾ ಮಣಿಪಾಲದ ಒಂದು ಇವೆಂಟ್ ಕಂಪನಿಗೆ ಸೇರಿದಳು. ದೊಡ್ಡ ದೊಡ್ಡ ಮದುವೆಗಳು. ಒಮ್ಮೆ ಒಂದು ಮದುವೆಗೆ ಥರ್ಮೋಕೋಲಿನಲ್ಲಿ ಅರಮನೆಯನ್ನೇ ಕಟ್ಟಿದರು. ಗುಲಾಬಿ ಬಣ್ಣದ ಕಂಬಗಳ ಮೇಲೆ ನವಿಲುಗಳು. ಆ ಬಣ್ಣವನ್ನು ಆರಿಸಿದವಳು ಅವಳೇ. ಮರುದಿನ ಟೆಂಪೊದವನು ಇದನ್ನೆಲ್ಲ ಎಲ್ಲಿ ಇಳಿಸಲಿ ಎಂದಾಗ ಮ್ಯಾನೇಜರು, ‘ಎಲ್ಲಾದರೂ ಹಾಕು ಮಾರಾಯ, ಜನ ಇಲ್ಲದ ಜಾಗ ನೋಡಿ’ ಎಂದಿದ್ದರು. ಕೆಲವು ದಿನ ಕಳೆದು ಉಮೈರಾ ಕೆಮ್ಮಣ್ಣಿನಲ್ಲಿರುವ ಗಂಡನ ಮನೆಗೆ ಹೋದಳು. ಗಂಡ ಶಮೀರ್ ಕತಾರಿನಲ್ಲಿ ಎ.ಸಿ. ರಿಪೇರಿಯ ಕೆಲಸದಲ್ಲಿದ್ದ, ಅವಳು ಕಾಪುವಿನ ತವರಿನಲ್ಲೇ ಇದ್ದು, ಅತ್ತೆಯನ್ನು ನೋಡಿ ಬರಲು ಆಗಾಗ ಹೋಗುತ್ತಿದ್ದಳು. ಮನೆಯ ಹಿಂದೆ ಹೊಳೆಯ ಹಿನ್ನೀರು. ಅಲ್ಲಿ ಕಾಂಡ್ಲ ಗಿಡಗಳ ಬೇರುಗಳ ನಡುವೆ ಒಂದು ಗುಲಾಬಿ ಕಂಬ ಸಿಕ್ಕಿಹಾಕಿಕೊಂಡಿತ್ತು. ಸುತ್ತಲೂ ನೀರಿನ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಬಿಳಿ ಗುಳಿಗೆಗಳು ತೇಲುತ್ತಿದ್ದವು. ಅತ್ತೆ, ‘ಎಂತದು ಗೊತ್ತಿಲ್ಲ ಮಗಾ, ಮೀನು ಅದನ್ನೇ ತಿನ್ನುತ್ತವೆ’ ಎಂದರು.

ಉಮೈರಾ ಮರುದಿನವೇ ಕೆಲಸ ಬಿಟ್ಟಳು. ಮ್ಯಾನೇಜರಿಗೆ ಕಾರಣವನ್ನು ವಿವರವಾಗಿ, ತುಂಬ ಮೆಲ್ಲಗೆ ಹೇಳಿದಳಂತೆ. ಅವರು ಇಂದಿಗೂ ಅವಳನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ.

ಅಟ್ಟದ ಬಟ್ಟಲುಗಳು ಕೆಳಗಿಳಿದವು. ‘ನಾನು ಬಿಟ್ಟ ವ್ಯಾಪಾರವನ್ನು ನೀನು ಹಿಡಿಯುತ್ತೀಯಾ?’ ಎಂದು ಶೇಕಬ್ಬರು ನಕ್ಕರು. ಆ ನಗುವಿನಲ್ಲಿ ಸಂತೋಷವೂ ಇತ್ತು, ಸ್ವಲ್ಪ ಅವಮಾನವೂ ಇತ್ತು. ಮಗಳು ಗೆದ್ದರೆ ತಾವು ಸೋತಂತೆ ಎಂಬುದು ಅವರಿಗೆ ಅಂದೇ ಹೊಳೆದಿರಬೇಕು.

ಅವಳ ಮೊದಲ ಕೆಲಸ ಉಡುಪಿಯ ರಮಾಮಣಿ ಟೀಚರ ಮಗಳು ಸಂಹಿತಾಳ ಮದುವೆ. ಟೀಚರು ಉಮೈರಾಳಿಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಊಟ ಹೇಗೂ ಬಾಳೆಲೆಯಲ್ಲಿ, ಅದರಲ್ಲಿ ಕಷ್ಟವಿರಲಿಲ್ಲ. ಕಷ್ಟ ಬಂದದ್ದು ನೀರಿನಿಂದ. ಎಲೆಯ ಪಕ್ಕ ಬಾಟಲಿ ಇಡದಿದ್ದರೆ ಗಂಡಿನ ಕಡೆಯವರಿಗೆ ಮರ್ಯಾದೆ ಕಡಿಮೆಯಾದಂತೆ ಎಂದು ಒಬ್ಬ ಸಂಬಂಧಿಕರು ಮುನಿದು ಕೂತರು. ಟೀಚರು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾವೇ ತಾಮ್ರದ ಬಿಂದಿಗೆ ಹಿಡಿದು ಅವರ ಲೋಟಕ್ಕೆ ನೀರು ಬಗ್ಗಿಸಿದರು. ‘ಇದಕ್ಕಿಂತ ದೊಡ್ಡ ಮರ್ಯಾದೆ ಬೇಕಿದ್ದರೆ ಹೇಳಿ’ ಎಂದರು. ಆತ ಕುಡಿದರು. ಹೂವು ಶಂಕರಪುರದ ಮಲ್ಲಿಗೆ, ಚಪ್ಪರಕ್ಕೆ ತೆಂಗಿನ ಗರಿ, ಉಂಡೆದ್ದ ಎಲೆಗಳು ದನದ ಹಟ್ಟಿಗೆ. ಮಂಟಪದ ಕೀಲಿಕೈ ಮರಳಿ ಕೊಡುವಾಗ ಗುಡಿಸುವ ಹೆಂಗಸು, ‘ಇವತ್ತು ಮದುವೆ ಆಗಲೇ ಇಲ್ಲವಾ?’ ಎಂದು ಕೇಳಿದಳು. ಆ ಮಾತು ಊರೆಲ್ಲ ಸುತ್ತಿತು. ಅಲ್ಲಿಂದ ಉಮೈರಾಳ ಫೋನಿಗೆ ಬಿಡುವಿರಲಿಲ್ಲ.

ಹೀಗಿರುವಾಗ ಮಣಿಪಾಲದಿಂದ ಚಿನ್ಮಯ ಎಂಬವರ ಕರೆ ಬಂತು. ಅಲ್ಲಿನ ಒಂದು ಸಂಸ್ಥೆಯವರು ಕಡಲನ್ನು ಉಳಿಸುವ ಬಗ್ಗೆ ದೊಡ್ಡ ಸಮ್ಮೇಳನ ಮಾಡಲಿದ್ದರು, ಕಾಪುವಿನ ಮರಳ ಮೇಲೆಯೇ. ಚಿನ್ಮಯ ಅದರ ಸಂಚಾಲಕರು. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಖಾದಿ ಅಂಗಿ, ಬೆಣ್ಣೆಯಂಥ ಮಾತು.

‘ಉಮೈರಾ ಮೇಡಂ, ಇದನ್ನು ನೀವೇ ಪ್ಲಾನ್ ಮಾಡಬೇಕು. ಒಂದು ಚೂರು ಕಸ ಉಳಿಯಬಾರದು. ನೀವು ಹೇಳಿದ್ದೇ ಫೈನಲ್.’

ಅವಳು ನಂಬಿದಳು. ಉಡುಪಿಯಿಂದಲೂ ಕಾರ್ಕಳದಿಂದಲೂ ಬಸ್ಸು ಮಾಡುವುದು, ಕಾರುಗಳು ಬೇಡ. ಬಟ್ಟೆಯ ಬ್ಯಾನರು, ಅದರಲ್ಲಿ ಇಸವಿ ಬರೆಯುವುದು ಬೇಡ, ಮುಂದಿನ ವರ್ಷಕ್ಕೂ ಆದೀತು. ಕುಡಿಯುವ ನೀರಿಗೆ ನಲ್ಲಿಯಿರುವ ಸ್ಟೀಲ್ ಡ್ರಮ್ಮುಗಳು. ಗಂಜಿ, ಹುರುಳಿ ಚಟ್ನಿ, ಬಂಗುಡೆ ಮೀನಿನ ಪುಳಿಮುಂಚಿ, ಮೀನು ಬೇಡದವರಿಗೆ ಎಳೆ ಹಲಸಿನ ಗುಜ್ಜೆ ಪಲ್ಯ, ಎಲ್ಲವೂ ಇಲ್ಲಿಯದೇ. ಬಟ್ಟಲು ತೊಳೆಯಲು ಹೆಂಗಸರು, ತೊಳೆದ ನೀರು ಇಂಗಲು ತೆಂಗಿನ ಬುಡ. ಎಲ್ಲಕ್ಕೂ ಚಿನ್ಮಯ ತಲೆ ಆಡಿಸಿದರು. ‘ಬ್ಯೂಟಿಫುಲ್’ ಎಂದರು.

ಡಿಸೆಂಬರ್ ಹತ್ತಿರವಾದಂತೆ ಕರೆಗಳು ಬರತೊಡಗಿದವು. ಪ್ರಾಯೋಜಕರಿಗೆ ಫ್ಲೆಕ್ಸೇ ಬೇಕಂತೆ, ಬಟ್ಟೆಯಲ್ಲಿ ಅವರ ಲಾಂಛನದ ಬಣ್ಣ ಸರಿಯಾಗಿ ಬರುವುದಿಲ್ಲವಂತೆ. ಮುಖ್ಯ ಅತಿಥಿಗಳು ಬಸ್ಸಿನಲ್ಲಿ ಬರುವವರಲ್ಲವಂತೆ. ಒಬ್ಬ ಪ್ರಾಯೋಜಕರದ್ದು ನೀರಿನ ಬಾಟಲಿಯದೇ ಕಂಪನಿಯಂತೆ. ಪ್ರತಿ ಸಲವೂ ಉಮೈರಾ ಬೇಡವೆಂದಳು. ಪ್ರತಿ ಸಲವೂ ಚಿನ್ಮಯ, ‘ಖಂಡಿತ, ನೋಡುವ’ ಎಂದರು. ಆ ‘ನೋಡುವ’ ಎಂಬುದು ನಮ್ಮೂರ ಕಡೆ ಎಷ್ಟು ಟೊಳ್ಳು ಮಾತೆಂದು ಅವಳಿಗೆ ಗೊತ್ತಿಲ್ಲದ್ದಲ್ಲ. ಬಿಟ್ಟುಬಿಡಬೇಕೆಂದು ಒಮ್ಮೆ ಅನ್ನಿಸಿತು. ಆದರೆ ಬಟ್ಟಲು ತೊಳೆಯುವ ಹೆಂಗಸರಿಗೆ, ಮೀನು ಕೊಡುವ ಮಲ್ಪೆಯವರಿಗೆ ಮಾತು ಕೊಟ್ಟಾಗಿತ್ತು. ಬಿಟ್ಟರೆ ಅಷ್ಟೂ ಪ್ಲಾಸ್ಟಿಕ್ಕೇ ಆದೀತು, ತಾನಿದ್ದರೆ ಯೋಜನೆ ಅರ್ಧವಾದರೂ ಉಳಿದೀತು ಎಂದು ಹಲ್ಲು ಕಚ್ಚಿ ನಿಂತಳು.

ಸಮ್ಮೇಳನದ ಬೆಳಿಗ್ಗೆ ಅವಳು ಬಂದು ನೋಡಿದಾಗ ಅರ್ಧವೂ ಉಳಿದಿರಲಿಲ್ಲ. ಹೆದ್ದಾರಿಯಿಂದ ಕಡಲವರೆಗೆ ಫ್ಲೆಕ್ಸು, ಅದರ ಮೇಲೆ ಆಮೆಯ ಚಿತ್ರ. ವೇದಿಕೆಯ ಮೇಲೆ ಪ್ರತಿ ಕುರ್ಚಿಯ ಎದುರು ಬಾಟಲಿ. ಅವಳ ಬಟ್ಟಲುಗಳಿಗೆ ಗಣ್ಯರ ಚಪ್ಪರದಲ್ಲಿ ಮಾತ್ರ ಜಾಗ, ಕ್ಯಾಮೆರಾದವರು ನಿಲ್ಲುವಲ್ಲಿ. ಹಿಂದೆ ಸ್ವಯಂಸೇವಕರಿಗೂ ಊರ ಜನರಿಗೂ ಬೇರೆಯೇ ಚಪ್ಪರ. ಅಲ್ಲಿ ಕಾಗದದ ತಟ್ಟೆ, ಪ್ಲಾಸ್ಟಿಕ್ ಲೋಟಗಳ ಪೆಟ್ಟಿಗೆಗಳು. ಪೆಟ್ಟಿಗೆಯ ಮೇಲಿನ ಹಸಿರು ಅಂಟುಪಟ್ಟಿಯನ್ನು ನೋಡಿದೊಡನೆ ಅವಳಿಗೆ ಗುರುತು ಹತ್ತಿತು. ಅದು ಅಪ್ಪನ ಅಂಗಡಿಯದು.

ಅವಳು ಚಿನ್ಮಯರನ್ನು ಹುಡುಕಿಕೊಂಡು ಹೋದಳು. ಅವರು ಗಾಳಿಮರಗಳ ತೋಪಿನ ಹಿಂದೆ ಜೆಸಿಬಿಯವನ ಜೊತೆ ಮಾತಾಡುತ್ತಿದ್ದರು. ಅಲ್ಲಿ ಮರಳಿನಲ್ಲಿ ಆಳೆತ್ತರದ ಹೊಂಡ ತೋಡಿದ್ದರು. ಸ್ವಯಂಸೇವಕರ ಬೆಳಗಿನ ಉಪಾಹಾರದ ಲೋಟ, ತಟ್ಟೆ, ಅರ್ಧ ಕುಡಿದು ಬಿಟ್ಟ ಬಾಟಲಿಗಳು ಆಗಲೇ ಅದರ ತಳ ತುಂಬಿದ್ದವು. ಮೇಲೆ ಕಾಗೆಗಳು.

‘ಇದೆಂತ?’ ಎಂದಳು ಉಮೈರಾ.

‘ಟೆಂಪರರಿ ಮೇಡಂ. ಟಿವಿಯವರು ಬರುತ್ತಾರೆ, ಕಸ ಕಾಣಬಾರದು ಅಲ್ವಾ? ಸದ್ಯಕ್ಕೆ ಮರಳು ಮುಚ್ಚಿಬಿಡುವುದು. ಆಮೇಲೆ ತೆಗೆಸುವ.’

‘ಯಾರು ತೆಗೆಯುತ್ತಾರೆ?’

‘ನೋಡುವ ಮೇಡಂ. ನೀವು ಅಷ್ಟು ಎಮೋಷನಲ್ ಆಗಬೇಡಿ. ಇಂಥ ದೊಡ್ಡ ಕಾರ್ಯಕ್ರಮದಲ್ಲಿ ಸಣ್ಣಪುಟ್ಟದ್ದು ಇರುತ್ತದೆ. ಮುಖ್ಯ ಅಂದರೆ ಮೆಸೇಜ್ ಹೋಗಬೇಕು.’

ಮಳೆಗಾಲದಲ್ಲಿ ಕಡಲು ಆ ತೋಪಿನ ಬುಡದವರೆಗೆ ಬರುತ್ತದೆ. ಕಾಪುವಿನಲ್ಲಿ ಹುಟ್ಟಿ ಬೆಳೆದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಈ ಮನುಷ್ಯ ಕಡಲನ್ನು ಉಳಿಸುವ ಭಾಷಣದ ಬೆನ್ನ ಹಿಂದೆಯೇ ಕಡಲಿನ ಬಾಯಿಗೆ ಕಸ ತುರುಕುತ್ತಿದ್ದ. ಅದರ ಮೇಲೆ ಅವಳ ಹೆಸರನ್ನು ಹೊದಿಸುತ್ತಿದ್ದ. ಜೆಸಿಬಿಯ ಕೈ ಮರಳು ತುಂಬಿಕೊಂಡು ಎದ್ದಿತು. ಅವಳು ಚಪ್ಪಲಿ ಬಿಚ್ಚಿಟ್ಟಳು. ತಲೆವಸ್ತ್ರವನ್ನು ಬಿಗಿದು ಕಟ್ಟಿದಳು. ಹೊಂಡದ ಅಂಚಿನಲ್ಲಿ ಕುಳಿತು ಜಾರಿ ಇಳಿದು, ಲೋಟಗಳ ನಡುವೆ ನಿಂತಳು.

ಜೆಸಿಬಿ ನಡೆಸುವ ಜಿತೇಂದ್ರ ಎಂಜಿನ್ ನಿಲ್ಲಿಸಿದ.

‘ಎಂತ ಮಾಡ್ತಿದ್ದೀರಿ ನೀವು, ಹತ್ತಿ ಬನ್ನಿ’ ಎಂದರು ಚಿನ್ಮಯ. ಅವಳು ಕಾಲೂರಿ ನಿಂತಳು. ‘ಜಿತೇಂದ್ರ, ನೀವು ಆ ಬದಿಯಿಂದ ಮೆಲ್ಲ ಮುಚ್ಚಿಕೊಂಡು ಬನ್ನಿ, ಅವರೇ ಬರುತ್ತಾರೆ.’

‘ಮನುಷ್ಯರು ನಿಂತ ಹೊಂಡಕ್ಕೆ ನಾನು ಮಣ್ಣು ಹಾಕುವುದಿಲ್ಲ ಸರ್’ ಎಂದ ಜಿತೇಂದ್ರ. ಕೀಲಿಕೈ ಜೇಬಿಗೆ ಹಾಕಿಕೊಂಡು ಚಹಾಕ್ಕೆ ಹೊರಟುಹೋದ.

ಸುದ್ದಿ ಹಬ್ಬಿ ಜನ ಸೇರಿದರು. ಮೈಕಿನ ಕೆಲಸಕ್ಕೆ ಬಂದಿದ್ದ ಲೆಸ್ಟರ್ ಫೋನಿನಲ್ಲಿ ವಿಡಿಯೊ ಮಾಡತೊಡಗಿದ. ಚಿನ್ಮಯ ಮೊದಲು ಬೇಡಿಕೊಂಡರು, ಆಮೇಲೆ ಗದರಿದರು, ಕೊನೆಗೆ, ‘ನಿಮಗೆ ಇನ್ನು ಈ ಜಿಲ್ಲೆಯಲ್ಲಿ ಒಂದು ಬರ್ತ್‌ಡೇ ಪಾರ್ಟಿಯೂ ಸಿಗುವುದಿಲ್ಲ’ ಎಂದರು. ಅವಳು ಅವರನ್ನೇ ನೋಡುತ್ತ ನಿಂತಿದ್ದಳು. ಬಿಸಿಲು ನೆತ್ತಿಗೇರುತ್ತಿತ್ತು. ಕಾಲ ಕೆಳಗೆ ಸಾಂಬಾರಿನ ಜಿಗುಟು.

ಅಷ್ಟರಲ್ಲಿ ಶೇಕಬ್ಬರ ಓಮ್ನಿ ವ್ಯಾನು ಬಂತು. ಮಧ್ಯಾಹ್ನದ ಊಟಕ್ಕೆ ಇನ್ನಷ್ಟು ಪೆಟ್ಟಿಗೆಗಳನ್ನು ತಂದಿದ್ದರು. ಜನರ ಗುಂಪು ಕಂಡು ಹತ್ತಿರ ಬಂದವರು ಹೊಂಡದೊಳಗೆ ನಿಂತ ಮಗಳನ್ನು ಕಂಡರು. ಅವಳ ಪಾದದ ಬಳಿ ತಾವು ಮಾರಿದ ಲೋಟಗಳನ್ನೂ ಕಂಡರು.

ಅಪ್ಪ ಮಗಳು ಮಾತಾಡಿದ್ದು ಬ್ಯಾರಿ ಭಾಷೆಯಲ್ಲಿ. ಸುತ್ತ ನಿಂತ ತುಂಬ ಜನರಿಗೆ ಮಾತು ತಿಳಿಯಲಿಲ್ಲ, ಸಿಟ್ಟು ತಿಳಿಯಿತು.

‘ಹೊರಗೆ ಬಾ. ಊರಿನವರು ನೋಡುತ್ತಿದ್ದಾರೆ.’

‘ನೋಡಲಿ ಬಾಪ. ಇದು ನಿಮ್ಮ ಲೋಟ.’

‘ಹೌದು, ನನ್ನದೇ. ಕೇಳಿದರು, ಕೊಟ್ಟೆ. ಅಂಗಡಿ ಇಟ್ಟವನು ಮತ್ತೇನು ಮಾಡಬೇಕು? ಈ ಲೋಟ ಮಾರಿಯೇ ನಿನಗೆ ಅನ್ನ ಹಾಕಿದ್ದು. ಆಗ ರುಚಿಯಾಗಿತ್ತು ಅಲ್ವಾ?’

‘ಇದು ನಾನು ಮಾಡಿಸುವ ಕಾರ್ಯಕ್ರಮ ಎಂದು ನಿಮಗೆ ಗೊತ್ತಿತ್ತಾ?’

‘ಗೊತ್ತಿತ್ತು’ ಎಂದರು ಶೇಕಬ್ಬರು.

‘ಒಂದು ಫೋನು ಮಾಡಬಹುದಿತ್ತು.’

‘ಮಾಡಿದರೆ ನೀನು ಕೊಡಬೇಡಿ ಅನ್ನುತ್ತಿದ್ದೆ. ನಾನು ಯಾಕೆ ಕೊಡಬಾರದು? ನನ್ನ ಬಟ್ಟಲು ಬೇಡ ಎಂದವರು ಇದೇ ಜನ. ಅವರು ಬೇಡ ಎಂದಾಗ ನನ್ನ ಪರವಾಗಿ ಯಾರು ಹೊಂಡಕ್ಕೆ ಇಳಿದರು?’

ಆ ಪ್ರಶ್ನೆ ಅವಳಿಗೆ ನಾಟಿತು. ಆದರೂ ಅಲ್ಲಿಂದ ಕದಲಲಿಲ್ಲ. ಶೇಕಬ್ಬರು ಚಿನ್ಮಯರ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು: ‘ಇದನ್ನೆಲ್ಲ ಪುರಸಭೆಯ ಗಾಡಿಗೆ ಕೊಡುತ್ತೇವೆ ಎಂದು ನೀವು ನನ್ನ ಅಂಗಡಿಯಲ್ಲಿ ನಿಂತು ಹೇಳಿದ್ದಲ್ಲವಾ?’

‘ಕಾಕ, ಅದು ಆಮೇಲೆ...’

‘ನಾನು ಮಾರಿದ್ದು ಕುಡಿಯಲಿಕ್ಕೆ. ನನ್ನ ಊರಿನ ಕಡಲಿನಲ್ಲಿ ಹೂಳಲಿಕ್ಕೆ ಅಲ್ಲ.’

ಅವರು ಊಟದ ಚಪ್ಪರಕ್ಕೆ ಹೋಗಿ ಬಿಚ್ಚದೆ ಉಳಿದಿದ್ದ ಪೆಟ್ಟಿಗೆಗಳನ್ನೆಲ್ಲ ಒಂದೊಂದಾಗಿ ಹೊತ್ತು ಓಮ್ನಿಗೆ ತುಂಬಿಸಿದರು. ಎಪ್ಪತ್ತರ ಹತ್ತಿರದ ಮನುಷ್ಯ, ಮಂಡಿನೋವು ಬೇರೆ. ಯಾರನ್ನೂ ಮುಟ್ಟಲು ಬಿಡಲಿಲ್ಲ. ಹೊರಡುವ ಮೊದಲು ಹೊಂಡದ ಬಳಿ ಬಂದು, ‘ಇದು ನಿನಗಾಗಿ ಅಲ್ಲ’ ಎಂದು ಮಗಳಿಗೆ ಹೇಳಿ ಹೋದರು.

ಈಗ ಚಿನ್ಮಯರಿಗೆ ದಿಕ್ಕು ತೋಚಲಿಲ್ಲ. ಮುಖ್ಯ ಅತಿಥಿಗಳು ಉಡುಪಿ ದಾಟಿದ್ದಾರೆಂದು ಫೋನು ಬಂದಿತ್ತು. ಹೊಂಡದಲ್ಲಿ ಹೆಂಗಸು, ಮುಚ್ಚಲು ಜೆಸಿಬಿಯವನಿಲ್ಲ, ಬಡಿಸಲು ತಟ್ಟೆಯಿಲ್ಲ. ಸ್ವಯಂಸೇವಕಿಯರಲ್ಲಿ ಜುಮಾನಾ ಎಂಬ ಕಾಲೇಜು ಹುಡುಗಿಯೊಬ್ಬಳು ಗೋಣಿಚೀಲ ಹಿಡಿದು ಮೇಲಿನಿಂದ ಕೈ ಚಾಚಿದಳು. ಉಮೈರಾ ಕೆಳಗಿನಿಂದ ಕಸ ಹೆಕ್ಕಿ ಕೊಟ್ಟಳು. ಇನ್ನೂ ಕೆಲವರು ಬಂದರು. ಕೊನೆಗೆ ಇಸ್ತ್ರಿ ಅಂಗಿಯ ತೋಳು ಮಡಚಿ ಚಿನ್ಮಯರೂ ಚೀಲ ಹಿಡಿಯಬೇಕಾಯಿತು. ಪುರಸಭೆಯ ಗಾಡಿ ಬಂದು ಚೀಲಗಳನ್ನು ಒಯ್ದ ಮೇಲೆಯೇ ಅವಳು ಹತ್ತಿ ಬಂದದ್ದು. ಗಣ್ಯರಿಗೆಂದು ಜೋಡಿಸಿಟ್ಟಿದ್ದ ಬಟ್ಟಲುಗಳನ್ನು ಎತ್ತಿ ತಂದು ಎಲ್ಲರಿಗೂ ಅದರಲ್ಲೇ ಬಡಿಸಿದರು. ಒಂದು ಪಂಕ್ತಿ ಎದ್ದಂತೆ ತೊಳೆಯುವುದು, ಮತ್ತೆ ಬಡಿಸುವುದು. ಮುಖ್ಯ ಅತಿಥಿಗಳೂ ಕಾದರು. ಕಾದು ಉಂಡರು.

ಇಲ್ಲಿಗೆ ಮುಗಿದಿದ್ದರೆ ಉಮೈರಾಳ ಸಿಟ್ಟು ಇಳಿಯುತ್ತಿತ್ತೇನೋ. ಆದರೆ ಸಂಜೆಯ ಸಮಾರೋಪದಲ್ಲಿ ಚಿನ್ಮಯ ಮೈಕು ಹಿಡಿದು, ಒಂದು ಚೂರೂ ಕಸ ಉಳಿಸದ ಮಾದರಿ ಸಮ್ಮೇಳನ ಇದು ಎಂದು ಘೋಷಿಸಿದರು. ಅದರ ರೂವಾರಿ ಉಮೈರಾ ಮೇಡಂ ವೇದಿಕೆಗೆ ಬಂದು ಫಲಕ ಸ್ವೀಕರಿಸಬೇಕು ಎಂದು ಮತ್ತೆ ಮತ್ತೆ ಕರೆದರು. ಅವಳು ತೆಂಗಿನ ಬುಡದಲ್ಲಿ ಹೆಂಗಸರ ಜೊತೆ ಕೊಪ್ಪರಿಗೆ ತಿಕ್ಕುತ್ತಿದ್ದಳು. ಏಳಲಿಲ್ಲ. ಮರುದಿನದ ಪತ್ರಿಕೆಯಲ್ಲಿ ಅದೇ ಸುದ್ದಿ, ಅವಳ ಹೆಸರಿನ ಸಮೇತ. ನಿಂದೆಯನ್ನು ಅವಳು ತಡೆದುಕೊಳ್ಳಬಲ್ಲಳು. ಸುಳ್ಳಿಗೆ ತನ್ನನ್ನು ಸಾಕ್ಷಿ ಮಾಡಿದ್ದನ್ನು ತಡೆದುಕೊಳ್ಳಲಾರದೆ ಹೋದಳು. ಆ ದಿನ ಮನೆಯಲ್ಲಿ ಅನ್ನದ ಪಾತ್ರೆಯನ್ನು ನೆಲಕ್ಕೆ ಕುಕ್ಕಿದ ಸದ್ದು ನೆರೆಮನೆಗೂ ಕೇಳಿತಂತೆ.

ಲೆಸ್ಟರನ ವಿಡಿಯೊ ಹರಿದಾಡಿತು. ಮೆಚ್ಚಿದವರಿದ್ದರು. ಪ್ರಚಾರದ ನಾಟಕ ಎಂದವರೂ ಇದ್ದರು. ‘ಅಪ್ಪ ಪ್ಲಾಸ್ಟಿಕ್ ಮಾರುವುದು, ಮಗಳು ಹೆಕ್ಕುವುದು, ಒಳ್ಳೆಯ ವ್ಯಾಪಾರ’ ಎಂದು ಬರೆದವನ ಮಾತಿಗೆ ಎಷ್ಟೋ ಜನ ನಕ್ಕರು. ಆ ಮಾತನ್ನು ಯಾರೋ ಶೇಕಬ್ಬರಿಗೆ ಓದಿ ಹೇಳಿದರು. ಅವರು ಮಗಳ ಜೊತೆ ಮಾತು ಬಿಟ್ಟರು. ಒಂದೇ ಮನೆಯಲ್ಲಿದ್ದುಕೊಂಡು ಇಬ್ಬರೂ ಉಮ್ಮನ ಮೂಲಕ ಮಾತಾಡಿದರು, ಚಳಿಗಾಲ ಕಳೆದು ಸೆಕೆ ಬರುವವರೆಗೆ. ಮಣಿಪಾಲದ ಕೆಲಸಗಳು ಒಂದೊಂದಾಗಿ ರದ್ದಾದವು. ಕಾರಣ ಕೇಳಿದರೆ ಯಾರೂ ಹೇಳುತ್ತಿರಲಿಲ್ಲ, ‘ಡೇಟು ಬದಲಾಯಿತು’ ಅನ್ನುತ್ತಿದ್ದರು. ಶಮೀರ್ ಕತಾರಿನಿಂದ, ‘ಸ್ವಲ್ಪ ತಗ್ಗಿ ನಡೆದರೆ ಆಗುವುದಿಲ್ಲವಾ ಉಮೈರಾ’ ಎಂದ. ‘ತಗ್ಗಿಗೆ ಇಳಿದದ್ದಕ್ಕೇ ಇಷ್ಟೆಲ್ಲ ಆದದ್ದು’ ಎಂದು ಅವಳು ಫೋನು ಇಟ್ಟಳು.

ಆ ಬೇಸಗೆಯಲ್ಲಿ ಅವಳಿಗೆ ಸಿಕ್ಕಿದ ದೊಡ್ಡ ಕೆಲಸವೆಂದರೆ ಕಾರ್ಕಳದ ಸೋನಿಯಾಳ ಮದುವೆ. ಆ ಹುಡುಗಿ ವಿಡಿಯೊ ನೋಡಿಯೇ ಕರೆದದ್ದು. ‘ನೀವು ನಮ್ಮ ಮದುವೆಯಲ್ಲಿ ಹೊಂಡಕ್ಕೆ ಇಳಿಯುವ ಹಾಗೆ ನಾವು ಮಾಡುವುದಿಲ್ಲ’ ಎಂದಳು. ವರ ರಾಯ್‌ಸ್ಟನ್‌ನ ಸೋದರಮಾವ ಒಬ್ಬರು ಮಿನುಗು ಕಾಗದ ಹಾರಿಸುವ ಕೊಳವೆಗಳನ್ನು ಮಂಗಳೂರಿನಿಂದ ತಂದೇ ಬಿಟ್ಟಿದ್ದರು. ಉಮೈರಾ ಅವರೆದುರು ಕೈ ನೀಡಿ ನಿಂತಳು, ಸುಮ್ಮನೆ. ಅವರು ಅವಳ ಮುಖ ನೋಡಿದರು, ಕೊಳವೆಗಳನ್ನು ಕೊಟ್ಟರು.

ಈ ಸಲ ಅಕ್ಟೋಬರಿನಲ್ಲಿ ಮತ್ತೆ ಕಡಲ ಸಮ್ಮೇಳನದ ಸುದ್ದಿ ಬಂತು. ಯೋಜನೆಗೆ ಮಂಗಳೂರಿನ ಬೇರೆ ಯಾರನ್ನೋ ಹಿಡಿದಿದ್ದರು. ದಂಡೆಯಲ್ಲಿ ಕಾರ್ಯಕ್ರಮ ಮಾಡಲು ಒಪ್ಪಿಗೆ ಕೇಳಿ, ಊರಿನವರ ಅಭಿಪ್ರಾಯಕ್ಕೆಂದು ಒಂದು ಸಭೆ ಕರೆದರು. ಉಮೈರಾ ಹೋದಳು. ಜೊತೆಗೆ ರಮಾಮಣಿ ಟೀಚರು ಉಡುಪಿಯಿಂದ ಬಸ್ಸು ಹತ್ತಿ ಬಂದರು. ಕೆಲವು ಮೊಗವೀರ ಹೆಂಗಸರೂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಚಿನ್ಮಯ ಪರದೆಯ ಮೇಲೆ ಚಿತ್ರಗಳನ್ನು ತೋರಿಸಿ, ಈ ಬಾರಿಯೂ ಕಸವಿಲ್ಲದ ಸಮ್ಮೇಳನ ಎಂದರು.

ಉಮೈರಾ ಎದ್ದು ನಿಂತಳು. ‘ಕಸ ಎಲ್ಲಿಗೆ ಹೋಗುತ್ತದೆ?’

‘ಅದಕ್ಕೆ ಒಂದು ಟೀಮ್ ಉಂಟು ಮೇಡಂ.’

‘ಟೀಮ್ ಅಂದರೆ ಯಾರು?’

‘ಡೀಟೇಲ್ಸ್ ಆಮೇಲೆ ಕೊಡುತ್ತೇವೆ.’

‘ಆಮೇಲೆ ಬೇಡ. ಹೆಸರು ಹೇಳಿ.’ ದನಿ ಎಷ್ಟು ಮೆಲ್ಲಗಿತ್ತೆಂದರೆ ಹಿಂದಿನ ಬೆಂಚಿನವರು ಮುಂದಕ್ಕೆ ಬಾಗಿದರು. ‘ಚೀಲ ಹಿಡಿಯುವವರ ಹೆಸರು, ಗಾಡಿ ತರುವವರ ಹೆಸರು. ಅವರು ಬಂದು ಇಲ್ಲಿ ನಿಲ್ಲಲಿ.’

ಚಿನ್ಮಯ ಗಡಿಯಾರ ನೋಡಿದರು. ಮುಂದಿನ ವಿಷಯಕ್ಕೆ ಹೋಗೋಣ ಎಂದರು. ಹಿಂದಿನ ಬೆಂಚಿನ ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತರು. ಟೀಚರೂ ಎದ್ದರು. ಯಾರೂ ಕೂಗಲಿಲ್ಲ. ಉಮೈರಾ ಇನ್ನೊಮ್ಮೆ ಕೇಳಿದಳು, ‘ಕಸ ಎಲ್ಲಿಗೆ ಹೋಗುತ್ತದೆ, ಯಾರು ಒಯ್ಯುತ್ತಾರೆ?’